ಬೈತಖೋಲ, ನಿಷೇಧದ ಅರವತ್ತೊಂದು ದಿನ

ಮೇ ಮೂವತ್ತೊಂದರ ರಾತ್ರಿ ಕೊನೆಯ ಬೋಟು ಬಂದು ಕಟ್ಟಿಕೊಂಡಿತು.
ಪರದೆಯ ಮೇಲೆ, ಇಪ್ಪತ್ತು ಹರ್ಟ್ಸಿನ ಆಸುಪಾಸಿನಲ್ಲಿ
ದಿನವೂ ಎದ್ದು ನಿಲ್ಲುತ್ತಿದ್ದ ಡೀಸೆಲ್ ಎಂಜಿನ್ನುಗಳ ಮುಳ್ಳು
ಬೆಳಗಾಗುವುದರೊಳಗೆ ಕಾಣೆ.
ಪುಸ್ತಕದಲ್ಲಿ ಬರೆದೆ: ಬಂದರು ಸುಮ್ಮನಾಯಿತು.
ಆಮೇಲೆ ಅದನ್ನು ಹೊಡೆದುಹಾಕಿ
ಅಂಕಿ ಬರೆದೆ.

ನೆಲಕ್ಕೆ ಕಿವಿ ಕೊಡುವುದು ನನ್ನ ಸಂಬಳದ ಕೆಲಸ.
ಐಸ್ ಫ್ಯಾಕ್ಟರಿಯ ಹಿಂದೆ, ಚೀರೆಕಲ್ಲು ಕೊರೆದ ಗುಂಡಿಯಲ್ಲಿ
ಒಂದು ಕಂಪನಮಾಪಕ, ಮೇಲೆ ಥರ್ಮೋಕೋಲು,
ಅದರ ಮೇಲೆ ತಾಡಪತ್ರಿ, ಅದರ ಮೇಲೆ ಜೂನ್.
ಹಸು ಬಂದು ಬೇಲಿಗೂಟಕ್ಕೆ ಮೈ ಉಜ್ಜಿದರೆ ತಿಳಿಯುತ್ತದೆ.
ಲಾರಿಗಳನ್ನೇ ಬೆನ್ನಮೇಲೆ ಹೊತ್ತ ಗೂಡ್ಸು ಸುರಂಗ ಹೊಕ್ಕರೆ ತಿಳಿಯುತ್ತದೆ.
ಬೇಡದ ಅಲುಗಾಟಗಳ ಪಟ್ಟಿ ನನ್ನದು.
ಬೇಡವಾಗಿರುವುದು ಘಟ್ಟದಾಚೆ, ದೂರದ ಒಣ ಬಯಲಿನವರಿಗೆ.
ಅಲ್ಲಿ ಅವರು ಒಂದು ಕನ್ನಡಿ ತೂಗುಬಿಡಲಿದ್ದಾರೆ.

"ಕನ್ನಡಿ ತೂಗುಬಿಟ್ಟು?"
ಪುರ್ಸು ತಾಂಡೇಲ ಎಂಜಿನ್ ಬಿಚ್ಚಿ ದಡಕ್ಕೆ ತಂದಿದ್ದ.
ಅದರ ಕಾಲಡಿಗೆಂದು ಹಳೆಯ ಲಾರಿ ಟೈರನ್ನು
ಚೌಕ ಚೌಕ ಕೊಯ್ಯುತ್ತಿದ್ದ.
ನಾನು ಹೇಳಿದೆ: ನಲವತ್ತು ಕಿಲೋ ಗಾಜು,
ಕೂದಲಿಗಿಂತ ತುಸು ದಪ್ಪದ ಗಾಜಿನ ಎಳೆಗಳಲ್ಲಿ.
ಎಳೆಯ ಮೇಲೊಂದು ಭಾರ, ಅದರ ಮೇಲೆ ಇನ್ನೊಂದು, ಮತ್ತೊಂದು.
ಕೋಟಿಗಟ್ಟಲೆ ವರ್ಷಗಳ ಹಿಂದೆ
ಎರಡು ಕಪ್ಪುಕುಳಿ ಒಂದನ್ನೊಂದು ನುಂಗಿದ್ದಕ್ಕೆ
ಆ ಕನ್ನಡಿ ಅಲುಗಬೇಕು. ಬೇರೆ ಯಾವುದಕ್ಕೂ ಅಲುಗಬಾರದು.
"ಎಷ್ಟು ಅಲುಗಬೇಕು?"
ಹೇಳಿದೆ. ಅಣುವಿನ ನಡುವಿನ ಕಾಳು, ಆ ಕಾಳಿನ ಹತ್ತುಸಾವಿರದಲ್ಲೊಂದು.
ಅವನು ಬೀಡಿ ಹಚ್ಚಿದ. "ಇಸ್ವಣ ತೂಗಿದ ಹಾಗಲ್ಲ," ಅಂದ.

ಬಲೆಯ ದಾರ ಒಂದು ಮೊಳ ಕತ್ತರಿಸಿ
ಕೊನೆಗೊಂದು ನಟ್ಟು ಕಟ್ಟಿದ ತಾಂಡೇಲ.
ಮೇಲಿನ ಬೆರಳನ್ನು ಗಡಗಡ ಅಲ್ಲಾಡಿಸಿದ.
ನಟ್ಟು ನಿಂತಲ್ಲೇ ನಿಂತಿತ್ತು,
ಮೇಲೆ ನಡೆಯುವುದು ತನಗೆ ಸಂಬಂಧವೇ ಇಲ್ಲವೆಂಬಂತೆ.
"ಟೈರು ಮಾಡುವುದೂ ಇದೇ ಕೆಲಸ ಗೋ."
ನಾನು ಹೂಂ ಅಂದೆ. ಅಷ್ಟಕ್ಕೇ ಬಿಡಬಹುದಿತ್ತು.
ಆದರೆ ಅವನು ಕೈಯನ್ನು ನಿಧಾನ ಮಾಡಿದ,
ಈಚೆಗೊಮ್ಮೆ, ಆಚೆಗೊಮ್ಮೆ, ತೊಟ್ಟಿಲು ತೂಗುವಷ್ಟು ನಿಧಾನ.
ನಟ್ಟು ಬೆರಳ ಹಿಂದೆಯೇ ಹೋಯಿತು, ಬಂತು.
"ಹಾಗಾದರೆ ಇದು?"

ಇದೇ, ನಮ್ಮ ದೊಡ್ಡ ತಲೆನೋವೇ ಇದು.
ಅವಸರದ್ದನ್ನೆಲ್ಲ ಎಳೆ ನುಂಗಿಕೊಳ್ಳುತ್ತದೆ.
ಸಾವಕಾಶವಾಗಿ ಬಂದದ್ದನ್ನು ಹಾಗೆಯೇ ಕೆಳಗಿಳಿಸುತ್ತದೆ.
ಹೊರಗೆ ಎರಡು ಅಲೆಸಾಲು ಎದುರುಬದುರು ಹಾಯ್ದಾಗ
ಕಡಲತಳ ಒಮ್ಮೆ ಅದುಮಿಕೊಂಡು ಬಿಡುತ್ತದೆ,
ಏಳು ಸೆಕೆಂಡಿಗೊಮ್ಮೆ,
ಮಳೆಗಾಲವಿಡೀ,
ಸಹ್ಯಾದ್ರಿಯನ್ನೂ ಅದು ಮೆಲ್ಲಗೆ ಎತ್ತಿಳಿಸುತ್ತದೆ,
ಬಯಲಿನ ಆ ಕೋಣೆಯ ಬಾಗಿಲಿಗೂ ಹೋಗುತ್ತದೆ.
ಅದನ್ನು ಮೊದಲೇ ಇಲ್ಲಿ ಹಿಡಿದು ಅಲ್ಲಿಗೆ ಸುದ್ದಿ ಮುಟ್ಟಿಸಿದರೆ
ಅಲ್ಲಿಯ ಯಂತ್ರ ನೆಲವನ್ನು ಅಷ್ಟೇ ಎದುರು ದಿಕ್ಕಿಗೆ ತಳ್ಳಿ
ಕನ್ನಡಿಗೆ ಕಡಲು ಇಲ್ಲವೆಂದು ನಂಬಿಸಬಹುದೇನೋ.

ತಾಂಡೇಲ ಬಹಳ ಹೊತ್ತು ಟೈರು ಕೊಯ್ದ.
ಆಮೇಲೆ, ಕೇಳದೇ ಇದ್ದರೂ,
ನೌಕಾನೆಲೆಗೆ ಊರು ಎತ್ತಿದ ದಿನದ ಮಾತು ತೆಗೆದ.
ಆವತ್ತು ಏನೂ ಆಗಲಿಲ್ಲ ನೋಡು. ಟೆಂಪೋಕ್ಕೆ ಪಾತ್ರೆ ಏರಿಸಿದ್ದೆ,
ಕೋಳಿ ತಪ್ಪಿಸಿಕೊಂಡಿತ್ತು, ಅದನ್ನು ಹಿಡಿಯುತ್ತ ನಕ್ಕಿದ್ದೆ.
ಈಗ ಇಪ್ಪತ್ತು ವರ್ಷದ ಮೇಲೆ
ಹೊಸ ಮನೆಯ ಕಟ್ಟೆಮೇಲೆ ಕೂತಾಗ,
ಹೀಗೆ, ಅಂದು
ನಟ್ಟನ್ನು ಇನ್ನೊಮ್ಮೆ ನಿಧಾನ ತೂಗಿದ.
ನನ್ನ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಆಗಸ್ಟ್ ಒಂದು. ನಸುಕಿನಲ್ಲೇ ಪರದೆಯ ಮೇಲೆ
ಮುಳ್ಳು ಮತ್ತೆ ಎದ್ದಿತು, ಮೊದಲಿಗಿಂತ ದಪ್ಪ.
ಮರುದಿನ ಬಂಗಡೆ ಇಳಿಸಿ, ಒದ್ದೆ ಕೈಯಲ್ಲೇ ಒಳಬಂದು
ತಾಂಡೇಲ ಕೇಳಿದ: "ಇದರಲ್ಲಿ ನನ್ನ ಬೋಟು ಯಾವುದು?"
ನಿಮ್ಮ ರಬ್ಬರು ಚೆನ್ನಾಗಿ ಕೂತಿದೆ,
ನಿಮ್ಮದು ಕಾಣಿಸುವುದಿಲ್ಲ, ಅಂದೆ.
ಅವನಿಗೆ ಅದು ಅಷ್ಟು ಇಷ್ಟವಾಗಲಿಲ್ಲ.